ಖಾಸಿಮಸಾಬರ ಕೈ, ಶಬನಮಳ ಗುಳಿಗೆ

ನಮ್ಮ ಕಡೆಯ ಮನೆಗಳಲ್ಲಿ ‘ಹೆಚ್ಚಾಗಿದೆ’ ಎಂಬ ಕಾಯಿಲೆಗೆ ಒಂದೇ ಔಷಧ: ಕಡಿಮೆ ಮಾಡುವುದು. ಬಿ.ಪಿ. ಹೆಚ್ಚಾಗಿದೆ ಎಂದರೆ ಉಪ್ಪಿನ ಡಬ್ಬಿ ಕೈಗೆಟುಕದ ಹಲಗೆ ಏರುತ್ತದೆ. ಸಕ್ಕರೆ ಹೆಚ್ಚಾಗಿದೆ ಎಂದರೆ ಚಹಾ ಸಪ್ಪೆಯಾಗುತ್ತದೆ, ಕುಡಿಯುವವರ ಮುಖವೂ ಸಪ್ಪಗಾಗುತ್ತದೆ. ಕರೆಂಟ್ ಬಿಲ್ ಹೆಚ್ಚಾಗಿದೆ ಎಂದರೆ ಹಿರಿಯರು ಫ್ಯಾನ್ ಆರಿಸಿ ಅಂಗಳದಲ್ಲಿ ಬಂದು ಕೂರುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಈ ಲೆಕ್ಕ ಸರಿ. ಈಗ ಹೇಳಹೊರಟಿರುವುದು ಹತ್ತನೆಯ ಸಲದ ಕಥೆ.

ಬೈಲಹೊಂಗಲದ ಒಂದು ಓಣಿಯಲ್ಲಿ ಖಾಸಿಮಸಾಬರು ಬ್ರಾಸ್ ಬ್ಯಾಂಡ್ ಇಟ್ಟುಕೊಂಡಿದ್ದಾರೆ. ಬ್ಯಾಂಡಿಗೆ ಅವರೇ ಮಾಲೀಕರು, ಅವರೇ ಮಾಸ್ತರರು. ಕ್ಲಾರಿನೆಟ್ಟಿನವನು ಕೈಕೊಟ್ಟ ದಿನ ಕ್ಲಾರಿನೆಟ್ಟೂ ಅವರೇ. ಕಿತ್ತೂರಿನ ಮೆರವಣಿಗೆ ಇರಲಿ, ರಾಮದುರ್ಗದ ಮದುವೆ ಇರಲಿ, ಅವರ ಕೆಂಪು ಕೋಟು ಎಲ್ಲರಿಗೂ ಗೊತ್ತು. ಮನೆಯಲ್ಲಿ ಹೆಂಡತಿ ಹುಸೇನಮಾ. ಒಬ್ಬಳೇ ಮಗಳು ಶಬನಮ್. ಸವದತ್ತಿಯಲ್ಲಿ ವ್ಯಾನ್ ಓಡಿಸುವ ಸಾಜಿದನನ್ನು ಮದುವೆಯಾಗಿದ್ದಾಳೆ. ಬಸುರಿಯಾದ ಮೇಲೆ ತವರಿಗೆ ಬಂದಿದ್ದಳು. ಮೂರನೆಯ ತಿಂಗಳು ನಡೆಯುತ್ತಿತ್ತು.

ಹೋದ ವರ್ಷವೂ ಒಮ್ಮೆ ಬಸುರಿಯಾಗಿದ್ದಳು. ಅದು ನಿಲ್ಲಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತದೆ ಇರುವುದರಿಂದಲೇ ಎಲ್ಲರಿಗೂ ಅದು ಸದಾ ನೆನಪಿರುತ್ತದೆ.

ಈ ಸಲ ಡಾಕ್ಟರಮ್ಮ ಮೊದಲ ತಿಂಗಳುಗಳಲ್ಲೇ ರಕ್ತ ತೆಗೆಸಿದರು. ಶಬನಮಳ ಥೈರಾಯ್ಡ್ ಗ್ರಂಥಿ ನಿಧಾನವಾಗಿದೆ ಎಂದು ತಿಳಿಯಿತು. ದಿನಕ್ಕೊಂದು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ಕೆಲವು ವಾರ ಬಿಟ್ಟು ಮತ್ತೆ ರಕ್ತ ತೆಗೆಸಿ, ಫಲಿತಾಂಶ ಬಂದ ಕೂಡಲೇ ಫೋನ್ ಮಾಡಿದರು. ಶಬನಮ್ ಮಲಗಿದ್ದಳು. ಫೋನ್ ಎತ್ತಿದವರು ಖಾಸಿಮಸಾಬರು.

“ಏನಂದ್ರು ಡಾಕ್ಟರಮ್ಮ?” ಎಂದು ಹುಸೇನಮಾ ಅಡುಗೆಮನೆಯಿಂದಲೇ ಕೇಳಿದರು.

“ಹೆಚ್ಚಾಗೇತಿ ಅಂದ್ರು.”

“ಯಾ ಅಲ್ಲಾ! ಏನ ಹೆಚ್ಚಾಗೇತಿ?”

“ಅದನ... ಟಿಎಸ್‌ಎಚ್ ಅಂತ. ಭಾಳ ಹೆಚ್ಚಾಗೇತಂತ. ಅದಕ್ಕ ಗುಳಿಗಿನೂ ಹೆಚ್ಚ ಮಾಡೂಣು, ಕರಕೊಂಡ ಬರ್ರಿ ಅಂದ್ರು.”

“ಹೆಚ್ಚಾದ್ರ ಹೆಚ್ಚ ಮಾಡತಾರೇನು?”

“ಅದನ್ನ ನಾನೂ ಕೇಳೂದು! ಒಲಿ ಉರಿ ಹೆಚ್ಚಾತಂದ್ರ ನೀ ಮತ್ತ ನಾಕ ಕಟಗಿ ಒಟ್ಟತೀಯೇನು?”

“ನಾ ಗ್ಯಾಸಿನ ಮ್ಯಾಲ ಅಡಗಿ ಮಾಡತೇನಿ.”

“ಗ್ಯಾಸ್ ಅಂತ ತಿಳಕೊ ಮಾರಾಯ್ತಿ! ಆ ಗುಳಿಗಿ ತಿಂದ ಹೆಚ್ಚಾಗೇತಿ. ಇವತ್ತಿಂದ ಬಂದ್. ಒಂದ ಕೂಸು ಹೋತು. ಇದನ್ನ ಗುಳಿಗಿ ಬಾಯಾಗ ಹಾಕೂದಿಲ್ಲ ನಾ.”

ಗುಳಿಗೆಯ ಡಬ್ಬಿ ಕಪಾಟಿನ ಮೇಲೆ ಹೋಯಿತು. ಖಾಸಿಮಸಾಬರದು ಕೆಟ್ಟ ಮನಸ್ಸಲ್ಲ, ಹೆದರಿದ ಮನಸ್ಸು. ಎರಡೂ ಸಾಮಾನ್ಯವಾಗಿ ಒಂದೇ ಬಗೆಯ ಅಪ್ಪಣೆ ಕೊಡುತ್ತವೆ.

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಓಣಿಯ ನಾಯಿಗಳು ಗಟಾರದ ತಂಪು ಹುಡುಕುತ್ತಿದ್ದವು. ಶಬನಮ್ ಮಾತ್ರ ಶಾಲು ಹೊದ್ದು ಕೂತಿರುತ್ತಿದ್ದಳು. ಮುಖ ಊದಿತ್ತು. ಬಾಚಣಿಗೆಯಲ್ಲಿ ಕೂದಲು ಮುಷ್ಟಿ ಮುಷ್ಟಿ ಬರುತ್ತಿತ್ತು. ದನಿ ದಪ್ಪಗಾಗಿತ್ತು. ಎರಡು ಬಟ್ಟೆ ಒಣಹಾಕಿದರೆ ಮೂರನೆಯದನ್ನು ಹಿಡಿದುಕೊಂಡು ಅಲ್ಲೇ ಕೂತುಬಿಡುತ್ತಿದ್ದಳು. “ಬಸರಿ ಅಂದ ಮ್ಯಾಲ ಹಂಗ,” ಎಂದು ಹುಸೇನಮಾ ಸಮಾಧಾನ ಮಾಡಿಕೊಂಡಿದ್ದರು.

ಬಟ್ಟೆ ಒಣಹಾಕುವ ತಂತಿಯ ಆಚೆ ಶರ್ವರಿಯ ಮನೆ. ಅವಳ ಅಜ್ಜ ಪೌರೋಹಿತ್ಯ ಮಾಡುತ್ತಿದ್ದರು. ಇವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಾಳೆ. ಶಬನಮಳ ಬಾಲ್ಯದ ಗೆಳತಿ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ತನ್ನ ಗಂಟಲಲ್ಲಿ ಇಳಿಸಿಕೊಳ್ಳುತ್ತಾಳೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಡಕ್ಟರನ ದನಿಯಲ್ಲಿ “ಕಿತ್ತೂರ, ಕಿತ್ತೂರ, ಕಿತ್ತೂರ!” ಎಂದು ಕೂಗಿ, ಸವದತ್ತಿ ಬಸ್ಸಿಗೆ ಕಿತ್ತೂರಿನವರನ್ನು ಹತ್ತಿಸಿದವಳು ಎಂಬ ಕೀರ್ತಿ ಅವಳಿಗಿದೆ. ಅವಳು ಅದನ್ನು ಒಪ್ಪಿಲ್ಲ, ಅಲ್ಲಗಳೆದೂ ಇಲ್ಲ.

“ಏ ಶಬ್ಬೋ, ಬಿಸಲಾಗ ಶಾಲು ಯಾಕ? ಮಹಾಬಳೇಶ್ವರಕ್ಕ ಹೊಂಟೀಯೇನ?” ಎಂದು ತಂತಿಯ ಆಚೆಯಿಂದ ಕೇಳಿದಳು.

“ಥಂಡಿ ಆಗತೈತಿ. ಅಬ್ಬಾ ಗುಳಿಗಿ ಬಿಡಿಸ್ಯಾರ.”

ಶರ್ವರಿಯ ಮುಖದಿಂದ ತಮಾಷೆ ಇಳಿದುಹೋಯಿತು. “ಯಾವ ಗುಳಿಗಿ? ಥೈರಾಯ್ಡಿಂದ? ಯಾವಾಗಿಂದ?”

“ಹೋದ ವಾರದಿಂದ. ಟಿಎಸ್‌ಎಚ್ ಹೆಚ್ಚಾತಲಾ, ಅದಕ್ಕ. ಅಬ್ಬಾ ಹೇಳೂದು ಖರೆ ಏನ ಶರೂ? ನನಗೂ ಹೆದರಕಿ ಆಗೇತಿ. ತಿಂದ್ರ ಕೂಸಿಗೆ ಏನಾಗತೈತೋ, ಬಿಟ್ರ ಏನಾಗತೈತೋ.”

ಶರ್ವರಿ ತಂತಿಯ ಕೆಳಗೆ ನುಗ್ಗಿ ನೇರ ಪಡಸಾಲೆಗೆ ಬಂದಳು. ಖಾಸಿಮಸಾಬರು ತುತ್ತೂರಿಗೆ ಎಣ್ಣೆ ಬಿಡುತ್ತಿದ್ದರು.

“ಕಾಕಾ, ಗುಳಿಗಿ ಯಾಕ ಬಿಡಿಸೀರಿ?”

“ಬಾರವಾ, ಕುಂದ್ರು. ಹುಸೇನಮಾ, ಚಹಾ ಇಡ. ಗುಳಿಗೀ ಮಾತ ಬ್ಯಾಡ.”

“ಚಹಾನೂ ಬೇಕು, ಗುಳಿಗೀ ಮಾತೂ ಬೇಕು. ಥೈರಾಯ್ಡ್ ಅಂದ್ರ ಏನಂತ ತಿಳಕೊಂಡೀರಿ?”

“ಗಂಟಲಾಗ ಇರೂದೊಂದ ರೋಗ.”

“ರೋಗಲ್ಲ, ಗ್ರಂಥಿ.”

“ಗ್ರಂಥ ಓದಿದಾಕಿ ನೀ, ಗ್ರಂಥಿ ನಿನಗ ಗೊತ್ತ. ನನಗೇನ ಗೊತ್ತವಾ?”

“ಎಲ್ಲಾರಿಗೂ ಅದ ಅದು. ನಿಮ್ಮ ಗಂಟಲಾಗೂ ಅದ. ಪಾತರಗಿತ್ತಿ ರೆಕ್ಕಿ ಬಿಚ್ಚಿ ಕೂತಂಗ. ಹಾರ್ಮೋನು ಅಂತೊಂದು ರಸ ಮಾಡತದ.”

“ಹಾರ್ಮೋನಿಯಂ ಗೊತ್ತು. ಹಾರ್ಮೋನು ಗೊತ್ತಿಲ್ಲ.”

“ಹಾರ್ಮೋನಿಯಂ ಒಮ್ಮೊಮ್ಮೆ ಬೇಸೂರ ಆದ್ರೂ ನಡೀತದ ಕಾಕಾ, ಹಾರ್ಮೋನು ಆಗಂಗಿಲ್ಲ. ಮೈಯೊಳಗ ಇಂಥಾ ಗ್ರಂಥಿ ಭಾಳ ಅವ. ಕೊಳವಿ ಇಲ್ಲ, ನಳ ಇಲ್ಲ, ಸೀದಾ ರಕ್ತಕ್ಕ ರಸ ಬಿಡತಾವ. ಅದಕ್ಕ ನಿರ್ನಾಳ ಗ್ರಂಥಿ ಅಂತಾರ.”

ಅಡುಗೆಮನೆಯಿಂದ ಹುಸೇನಮಾ ಹೇಳಿದರು: “ನಮ್ಮ ಓಣ್ಯಾಗ ನಳ ಐತಿ, ನೀರಿಲ್ಲ. ಅದಕ್ಕ ನೀರೈತಿ, ನಳ ಇಲ್ಲೇನು?”

“ಬರೋಬ್ಬರಿ ಹೇಳಿದ್ರಿ ಕಾಕು! ರಮ್ಜಾನದಾಗ ಕಾಕಾ ರೋಜಾ ಹಿಡೀತಾರ. ಮಧ್ಯಾಹ್ನ ಮದವಿ ಮೆರವಣಿಗ್ಯಾಗ ಬಿಸಲಿಗೆ ನಿಂತು ಕ್ಲಾರಿನೆಟ್ ಊದತಾರ. ಹೊಟ್ಟ್ಯಾಗ ಒಂದು ಕಾಳಿಲ್ಲ. ಆದ್ರೂ ಬಿದ್ದಾರೇನು?”

“ಅಲ್ಲಾನ ದಯೆ,” ಎಂದರು ಖಾಸಿಮಸಾಬರು.

“ಆ ದಯೆ ಹೆಂಗ ಕೆಲಸ ಮಾಡತದ ಕೇಳ್ರಿ.” ಶರ್ವರಿ ಎದ್ದು ನಿಂತಳು. ಮೊದಲು ಕಿರಾಣಿ ಅಂಗಡಿಯ ಸೇಠನ ದನಿ ತೆಗೆದಳು: “‘ರಕ್ತದಾಗ ಸಕ್ಕರಿ ಇಳದೈತೇನ? ಏ ಯಕೃತ್ತ, ಗೋಡೌನ್ ತಗಿ, ಸಕ್ಕರಿ ಹೊರಗ ಹಾಕ! ಇಫ್ತಾರ ಆತು, ಖಜೂರ ಬಂತು, ಸಕ್ಕರಿ ಏರಿತು? ಈಗ ಒಳಗ ಹಾಕ, ಕೀಲಿ ಜಡಿ!’ ಇವ ಮೇದೋಜೀರಕ. ಒಳಗ ಹಾಕಸೂ ಹಾರ್ಮೋನಿಗೆ ಇನ್ಸುಲಿನ್ ಅಂತಾರ.” ಆಮೇಲೆ ಬಸ್ ಕಂಡಕ್ಟರನಾದಳು: “‘ನಾಯಿ ಬೆನ್ನ ಹತ್ತೈತಿ! ಓಡ್ರಿ, ಓಡ್ರಿ, ಎದಿ ಬಡಕೊಳ್ರಿ, ರೈಟ್ ರೈಟ್!’ ಇವ ಅಡ್ರಿನಲ್. ಮೂತ್ರಪಿಂಡದ ಮ್ಯಾಲ ಟೊಪಗಿ ಇಟ್ಟಂಗ ಕೂತಾನ. ನೀರು ಕಮ್ಮಿ ಆದ್ರ ಮೂತ್ರ ಕಮ್ಮಿ ಮಾಡಿ ನೀರು ಉಳಸೂ ಹಾರ್ಮೋನು ಬ್ಯಾರೆ. ಇವರೆಲ್ಲಾ ಹಗಲೂ ರಾತ್ರಿ ಒಂದ ಕೆಲಸ ಮಾಡತಾರ: ಹೆಚ್ಚಾದ್ರ ಇಳಸೂದು, ಕಮ್ಮಿ ಆದ್ರ ಏರಸೂದು. ಅದಕ್ಕ ಹೊರಗ ಬಿಸಲಿರಲಿ ಥಂಡಿ ಇರಲಿ, ನಮ್ಮ ಒಳಗಿನ ಹವಾ ಬದಲಾಗಂಗಿಲ್ಲ.”

ಹುಸೇನಮಾ ಚಹಾ ಹಿಡಿದುಕೊಂಡೇ ನಗುತ್ತಿದ್ದರು. ಖಾಸಿಮಸಾಬರೂ ಮೀಸೆಯಲ್ಲಿ ನಕ್ಕರು.

“ಮತ್ತ ಈ ಥೈರಾಯ್ಡ್ ಏನ ಮಾಡತೈತಿ?”

“ಮೈಯೊಳಗಿನ ಎಲ್ಲಾ ಕೆಲಸ ಎಷ್ಟ ಜೋರಾಗಿ ನಡೀಬೇಕು, ಎಷ್ಟ ನಿಧಾನ ನಡೀಬೇಕು ಅಂತ ಹೇಳತದ. ಕಮ್ಮಿ ಆದ್ರ ಮೈ ತಣ್ಣಗ ಆಗತದ, ನಿದ್ದಿ, ಸುಸ್ತು, ಕೂದಲ ಉದರೂದು, ಮಲಬದ್ಧತಿ. ಶಬ್ಬೋನ ನೋಡ್ರಿ. ಮುಖ್ಯ ಮಾತಂದ್ರ, ಹೊಟ್ಟ್ಯಾಗಿನ ಕೂಸಿನ ಥೈರಾಯ್ಡ್ ಮೊದಲ ಮೂರ ತಿಂಗಳದಾಗ ಇನ್ನೂ ಕೆಲಸ ಶುರು ಮಾಡಿರಂಗಿಲ್ಲ. ತಾಯಿದ ರಸದ ಮ್ಯಾಲನ ಅದರ ಮಿದುಳು ಬೆಳೀಬೇಕು. ಕಮ್ಮಿ ಬಿದ್ರ ಬಸರು ನಿಲ್ಲೂದು ಕಷ್ಟ, ನಿಂತ್ರೂ ಕೂಸಿನ ಬುದ್ಧಿ ಬೆಳವಣಗಿಗೆ ಧಕ್ಕಿ.”

ಶಬನಮ್ ಶಾಲು ಎಳೆದುಕೊಂಡಳು.

“ಕಮ್ಮಿ ಬಿದ್ರ ಅಂತೀ,” ಎಂದರು ಖಾಸಿಮಸಾಬರು. “ಇಕಿಗೆ ಹೆಚ್ಚಾಗೇತಿ. ನನ್ನ ಕಿವೀಲೆ ಕೇಳೇನಿ.”

“ಹೆಚ್ಚಾದದ್ದು ಟಿಎಸ್‌ಎಚ್ ಕಾಕಾ. ಅದು ಥೈರಾಯ್ಡ್ ಮಾಡೂ ರಸ ಅಲ್ಲ. ಮಿದುಳಿನ ಕೆಳಗ ಕಡ್ಲಿಕಾಳಿನಷ್ಟು ಪಿಟ್ಯುಟರಿ ಅಂತ ಗ್ರಂಥಿ ಅದ. ಅದು ಥೈರಾಯ್ಡಿಗೆ ‘ಕೆಲಸ ಮಾಡು’ ಅಂತ ಕಳಸೂ ಹುಕುಮ್ಮ ಟಿಎಸ್‌ಎಚ್. ಥೈರಾಯ್ಡ್ ಆಳಸಿ ಆತಂದ್ರ ಹುಕುಮ್ ಜೋರಾಗತದ.”

“ಹುಕುಮ್ ಜೋರಾತಂದ್ರ ಮೊದಲ ಹುಕುಮ್ ಮಾಡಾಂವನ್ನ ಸುಮ್ನ ಕುಂದ್ರಸಬೇಕು. ಮನ್ಯಾಗ ಹಂಗ ಮಾಡತೇವಿ ನಾವು.”

“ಯಾರ ಮನ್ಯಾಗ?” ಎಂದರು ಹುಸೇನಮಾ.

“ನಾಟಕ ಚಂದ ಆತವಾ,” ಎಂದು ಖಾಸಿಮಸಾಬರು ತುತ್ತೂರಿ ಎತ್ತಿಕೊಂಡರು. “ಖರೆ, ಹೆಚ್ಚಾದದ್ದಕ್ಕ ಹೆಚ್ಚ ಔಷಧ ಅನ್ನೂ ಲೆಕ್ಕ ನನ್ನ ತಲಿಗೆ ಹತ್ತೂದಿಲ್ಲ. ಗುಳಿಗಿ ಕಪಾಟಿನ ಮ್ಯಾಲನ ಇರಲಿ.”

ಶರ್ವರಿ ಅಂಗಳಕ್ಕೆ ಬಂದು ಹಲ್ಲು ಕಡಿದಳು. “ಪಿಯುಸಿ ಹುಡುಗರಿಗೆ ತಿಳೀತದ, ನಿಮ್ಮಪ್ಪಗ ತಿಳಿಯವಲ್ದು.”

ಹಿಂದೆಯೇ ಬಂದ ಶಬನಮ್ ಕಟ್ಟೆಯ ಮೇಲೆ ಕೂತಳು. ಅವಳು ಬ್ಯಾಂಡಿನ ಮನೆಯಲ್ಲಿ ಬೆಳೆದವಳು. “ಅಬ್ಬಾಗ ಮಾತು ತಿಳಿಯೂದಿಲ್ಲ ಶರೂ. ಬ್ಯಾಂಡ್ ತಿಳಿತೈತಿ,” ಎಂದಳು ನಿಧಾನವಾಗಿ. “ನೀ ಈಗ ಹೇಳಿದ್ಯಲಾ, ಆಳಸಿ, ಹುಕುಮ್... ಅದ ಕೆಲಸ ಅವರು ದಿನಾ ಮಾಡತಾರ. ಸಂಜಿ ಮುಂದ ಬಾ. ಡ್ರಮ್ ಬಾರಿಸೂ ಪರಸಪ್ಪ ಮಾಮಾಗ ನಾ ಹೇಳತೇನಿ.”

ಗೆಳತಿಯರಿಬ್ಬರೂ ಪಿಸುಗುಟ್ಟಿದರು. ಇಳಿದುಹೋಗಿದ್ದ ತಮಾಷೆ ಶರ್ವರಿಯ ಮುಖಕ್ಕೆ ಬಡ್ಡಿ ಸಮೇತ ಮರಳಿತು.

ಸಂಜೆ ಮನೆಯ ಹಿಂದಿನ ಬಯಲಿನಲ್ಲಿ ಬ್ಯಾಂಡಿನ ತಾಲೀಮು. ರಾಮದುರ್ಗದ ಮದುವೆ ಎದುರಿಗಿತ್ತು. ತುತ್ತೂರಿಯವರು, ಕ್ಲಾರಿನೆಟ್ಟಿನವನು ಅರ್ಧ ವೃತ್ತದಲ್ಲಿ ನಿಂತಿದ್ದರು. ನಡುವೆ ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಪರಸಪ್ಪ. ಡ್ರಮ್ಮು ಎಲ್ಲಿ ಮುಗಿಯಿತು, ಹೊಟ್ಟೆ ಎಲ್ಲಿ ಶುರುವಾಯಿತು ಎಂದು ದೂರದಿಂದ ಹೇಳುವುದು ಕಷ್ಟ.

ಬ್ಯಾಂಡಿನ ಮುಂದೆ ನಿಂತಾಗ ಖಾಸಿಮಸಾಬರು ಮಾತಾಡುವುದಿಲ್ಲ. ಅಷ್ಟು ಗದ್ದಲದಲ್ಲಿ ಮಾತು ಕೇಳುವುದೂ ಇಲ್ಲ. ಅವರ ಎಡಗೈಯೇ ಮಾತು. ಡ್ರಮ್ಮು ಸರಿಯಾಗಿ ಬೀಳುತ್ತಿದ್ದರೆ ಕೈ ಸೊಂಟದ ಎತ್ತರದಲ್ಲಿ ಮೆಲ್ಲಗೆ ಆಡುತ್ತಿರುತ್ತದೆ. ಡ್ರಮ್ಮು ತಗ್ಗಿದರೆ ಕೈ ಎದೆಗೆ ಏರುತ್ತದೆ, ಇನ್ನೂ ತಗ್ಗಿದರೆ ತಲೆಯ ಮೇಲಕ್ಕೆ. ಡ್ರಮ್ಮು ಮಿತಿಮೀರಿ ಗುಡುಗಿದರೆ ಕೈ ಮೊಣಕಾಲಿಗೆ ಇಳಿಯುತ್ತದೆ. ಪರಸಪ್ಪ ಮೀಸೆ ಬಂದಾಗಿನಿಂದ ಆ ಕೈ ನೋಡಿಕೊಂಡೇ ಬಾರಿಸಿದವನು.

ಮೆರವಣಿಗೆಯ ನಡೆ ಶುರುವಾಯಿತು. ಕೈ ಸೊಂಟದಲ್ಲಿತ್ತು. ಸ್ವಲ್ಪ ಹೊತ್ತಿಗೆ ಪರಸಪ್ಪ ಪೆಟ್ಟು ಸಡಿಲಿಸಿದ. ಕೈ ಎದೆಗೆ ಬಂತು. ಪರಸಪ್ಪ ಅದನ್ನು ನೋಡಿ, ಹಿಂದೆಂದೂ ಮಾಡದ ಕೆಲಸ ಮಾಡಿದ: ಇನ್ನೂ ಮೆಲ್ಲಗೆ ಬಾರಿಸಿದ, ಮಗುವಿನ ಬೆನ್ನು ತಟ್ಟಿದಂತೆ. ಕೈ ಭುಜ ದಾಟಿತು. ಡ್ರಮ್ಮಿನ ಆಸರೆ ತಪ್ಪಿದ ತುತ್ತೂರಿಗಳು ಹಿಂದೆ ಬಿದ್ದವು, ಕ್ಲಾರಿನೆಟ್ಟು ಒಬ್ಬನೇ ಮದುವೆಗೆ ಹೊರಟವನಂತೆ ಮುಂದೆ ಓಡಿತು. ಖಾಸಿಮಸಾಬರ ಎರಡೂ ಕೈ ತಲೆಯ ಮೇಲೆ ಹೋದವು. ತುದಿಗಾಲಿನಲ್ಲಿ ನಿಂತರು, ಹಾರಿದರು, ಟೊಪ್ಪಿಗೆ ಬಿತ್ತು.

ಆಗ ಗೋಡೆಯ ಮರೆಯಿಂದ ಖಾಸಿಮಸಾಬರದೇ ದನಿ ಬಂತು: “ಹೆಚ್ಚಾಗೇತಿ! ಭಾಳ ಹೆಚ್ಚಾಗೇತಿ! ಡ್ರಮ್ ಇವತ್ತಿಂದ ಬಂದ್!”

ಪರಸಪ್ಪ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈಕಟ್ಟಿ ನಿಂತುಬಿಟ್ಟ. ಬ್ಯಾಂಡಿನ ವಾದ್ಯಗಳು ಒಂದೊಂದಾಗಿ ಸತ್ತವು. ಕೊನೆಗೆ ಕ್ಲಾರಿನೆಟ್ಟು ಒಂದು ಪೀಂ ಎಂದು ನಿಂತಿತು.

“ಪರಸ್ಯಾ! ಯಾಕ ನಿಲ್ಲಿಸಿದಿ ಲೇ? ಕೈಗೆ ಲಕವಾ ಹೊಡದೈತೇನ?”

“ನೀವ ಬಂದ್ ಅಂದ್ರೆಲಾ ಮಾಸ್ತರ.”

“ನಾ ಎಲ್ಲಿ ಅಂದೆ? ಬಾಯಿ ಬಿಟ್ಟಿಲ್ಲ ನಾ!”

ಶರ್ವರಿ ಗೋಡೆಯ ಮರೆಯಿಂದ ಬಂದಳು, ಈಗಲೂ ಖಾಸಿಮಸಾಬರ ದನಿಯಲ್ಲೇ. “ನನ್ನ ಕೈ ಹೆಚ್ಚಾಗೇತಿ. ತಲಿ ಮ್ಯಾಲ ಹೋಗೇತಿ. ಕೈ ಹೆಚ್ಚಾತಂದ್ರ ಡ್ರಮ್ಮೂ ಹೆಚ್ಚಾಗೇತಿ. ಅದಕ್ಕ ಡ್ರಮ್ ಬಂದ್ ಮಾಡಸೇನಿ.”

“ಹುಚ್ಚ ಹಿಡದೈತೇನವಾ ನಿನಗ?” ಖಾಸಿಮಸಾಬರು ಗುಡುಗಿದರು. “ಡ್ರಮ್ ಹೆಚ್ಚಾಗಿ ಕೈ ಮ್ಯಾಲ ಹೋಗಿಲ್ಲ! ಡ್ರಮ್ ಕಮ್ಮಿ ಬಿದ್ದೈತಿ ಅಂತ ಹೋಗೇತಿ! ಕೈ ಇಳೀಬೇಕಂದ್ರ ಡ್ರಮ್ ಹೆಚ್ಚ ಮಾಡಬೇಕು!”

“ಹೌದೇನ್ರಿ?” ಎಂದಳು ಶರ್ವರಿ, ಈಗ ತನ್ನದೇ ದನಿಯಲ್ಲಿ, ಮೆಲ್ಲಗೆ. “ಇನ್ನೊಮ್ಮೆ ಹೇಳ್ರಿ ಕಾಕಾ.”

“ಕೈ ಇಳೀಬೇಕಂದ್ರ ಡ್ರಮ್ ಹೆಚ್ಚ...”

ಅವರು ಅಲ್ಲಿಗೇ ನಿಂತರು. ಎರಡೂ ಕೈ ಇನ್ನೂ ಗಾಳಿಯಲ್ಲಿದ್ದವು. ಹಿತ್ತಲ ಬಾಗಿಲಲ್ಲಿ ಮಗಳು ನಿಂತಿದ್ದಳು, ಬೆವರಿಳಿಯುವ ಸಂಜೆಯಲ್ಲಿ ಶಾಲು ಹೊದ್ದು. ಖಾಸಿಮಸಾಬರು ತಮ್ಮ ಕೈಗಳನ್ನು ನೋಡಿಕೊಂಡರು. ಮಗಳನ್ನು ನೋಡಿದರು. ಕೈಗಳನ್ನು ನಿಧಾನವಾಗಿ ಇಳಿಸಿದರು.

“ಈ ಕೈ... ಟಿಎಸ್‌ಎಚ್ಚೇನು?”

“ಹೌದು ಕಾಕಾ. ನೀವು ಪಿಟ್ಯುಟರಿ. ಪರಸಪ್ಪ ಮಾಮಾ ಥೈರಾಯ್ಡ್. ಡ್ರಮ್ಮಿನ ಸಪ್ಪಳ ಥೈರಾಯ್ಡ್ ಹಾರ್ಮೋನು. ಶಬ್ಬೋನ ಒಳಗ ಒಬ್ಬ ಮಾಸ್ತರ ಎರಡೂ ಕೈ ಎತ್ತಿ ಹಾರಾಕ ಹತ್ಯಾನ. ಗುಳಿಗಿ ಅಂದ್ರ ಬ್ಯಾರೆ ಏನಲ್ಲ, ಹೊರಗಿಂದ ತಂದ ಡ್ರಮ್ಮು. ಅದನ್ನ ನೀವು ಕಪಾಟಿನ ಮ್ಯಾಲ ಇಟ್ಟೀರಿ.”

“ಮತ್ತ ದಿನಾ ಗುಳಿಗಿ ತಿನ್ನಾಕ ಹತ್ತಿದಾಗನೂ ಕೈ ಮ್ಯಾಲ ಯಾಕಿತ್ತು?”

“ಬಸರಿ ಆದ್ರ ಮೆರವಣಿಗಿ ದೊಡ್ಡದಾತಲ್ರಿ. ಒಬ್ಬಾಕಿಗೆ ಸಾಲೂ ಡ್ರಮ್ಮು ಇಬ್ಬರಿಗೆ ಸಾಲಂಗಿಲ್ಲ. ಅದಕ್ಕ ಡಾಕ್ಟರಮ್ಮ ಹೆಚ್ಚ ಮಾಡೂಣು ಅಂದದ್ದು.” ಗದ್ದಲ ಕೇಳಿ ಹಿತ್ತಲಿಗೆ ಬಂದಿದ್ದ ಹುಸೇನಮಾರ ಕಡೆ ಶರ್ವರಿ ತಿರುಗಿದಳು. “ಇನ್ನೊಂದು. ಕಾಕು, ಗುಳಿಗಿ ಹೆಂಗ ಕೊಡತಿದ್ರಿ?”

“ಬರೇ ಹೊಟ್ಟೀಲೆ ಹೆಂಗ ಕೊಡಲೆ? ಉರಿತೈತಲ್ಲ. ಒಂದ ಲೋಟ ಹಾಲಿನಾಗ ಕೊಡತಿದ್ದೆ. ಜೋಡೀ ರಕ್ತ ಹೆಚ್ಚಾಗಾಕ ಕೊಟ್ಟ ಕಬ್ಬಿಣದ ಗುಳಿಗೀನೂ. ಒಮ್ಮೇ ಎಲ್ಲಾ ಮುಗದ ಹೋಗಲಿ ಅಂತ.”

“ಅಲ್ಲೇ ಅರ್ಧ ಡ್ರಮ್ಮು ಹರದು ಹೋಗತಿತ್ತು! ಇದನ್ನ ಮುಂಜಾನೆ ಖಾಲಿ ಹೊಟ್ಟೀಲೆ ಬರೇ ನೀರಾಗ ಕೊಡಬೇಕು. ಚಹಾ, ಹಾಲು, ನಾಷ್ಟಾ ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು. ಕಬ್ಬಿಣದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ ನಾಕ ತಾಸು ದೂರ ಇರಬೇಕು. ಅವು ಇದರ ಜೋಡಿ ಬಂದ್ರ ಇದನ್ನ ರಕ್ತಕ್ಕ ಹತ್ತಗೊಡಂಗಿಲ್ಲ.”

“ಯಾರೂ ಹೇಳಲಿಲ್ಲಲ್ಲವಾ!”

“ಹೇಳ್ಯಾರ ಅಮ್ಮಿ,” ಎಂದಳು ಶಬನಮ್. “ನಾನ ಸುಮ್ನಿದ್ದೆ. ಹಾಲ ಕುಡಿದ್ರ ನೀ ಖುಷಿ ಆಗತಿದ್ದಿ.”

ಖಾಸಿಮಸಾಬರು ದೊಡ್ಡ ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ಕೂತರು. “ಹೋದ ವರ್ಷದ್ದು... ಅದೂ ಇದರಿಂದ ಏನ?”

“ಅದು ಯಾರಿಗೂ ಗೊತ್ತಿಲ್ಲ ಕಾಕಾ. ಬಸರು ಹೋಗಾಕ ನೂರು ಕಾರಣ ಇರತಾವ. ಅವತ್ತು ತಪಾಸಣೀನ ಆಗಿದ್ದಿಲ್ಲ. ಇವತ್ತು ಆಗ್ಯದ.”

“ಮತ್ತ ಈ ವಾರ ಬಿಟ್ಟದ್ದಕ್ಕ?”

“ಇವತ್ತ ಡಾಕ್ಟರಮ್ಮಗ ಖರೆ ಹೇಳ್ರಿ, ಇಷ್ಟ ದಿನಾ ಬಿಟ್ಟೇವಿ ಅಂತ. ಬಚ್ಚಿಟ್ರ ಅವರ ಲೆಕ್ಕ ತಪ್ಪತದ.”

ಅವರು ಎದ್ದರು. ಟೊಪ್ಪಿಗೆ ಎತ್ತಿ ಧೂಳು ಕೊಡವಿದರು. ಫೋನ್ ತೆಗೆದು ಡಾಕ್ಟರಮ್ಮನಿಗೆ ತಾವೇ ಹೇಳಿದರು: “ನಾನ ಬಿಡಸೀನ್ರಿ ಮೇಡಂ. ಕೈ ಹೆಚ್ಚಾಗಿದ್ದಕ್ಕ ಡ್ರಮ್ ಬಂದ್ ಮಾಡಸಿದ್ದೆ.” ಡಾಕ್ಟರಮ್ಮನಿಗೆ ಇದು ಎಷ್ಟು ತಿಳಿಯಿತೋ ಗೊತ್ತಿಲ್ಲ. ಮರುದಿನವೇ ಬನ್ನಿ ಎಂದರು.

ಮರುದಿನ ಬೆಳಗಾಗುವ ಹೊತ್ತಿಗೆ ಶಬನಮಳನ್ನು ಎಬ್ಬಿಸಿದವರು ಅವರೇ. ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ಬರೀ ನೀರಿನ ಲೋಟ. ಹುಸೇನಮಾ ಅಭ್ಯಾಸಬಲದಿಂದ ಹಾಲಿನ ಪಾತ್ರೆ ತಂದರೆ, ಅವರು ಮಾತಾಡದೆ ಎಡಗೈಯನ್ನು ಮೊಣಕಾಲಿಗೆ ಇಳಿಸಿ ತೋರಿಸಿದರು. ಹಾಲು ಒಳಗೆ ಹೋಯಿತು. ಅದೇ ದಿನ ಡಾಕ್ಟರಮ್ಮ ಪ್ರಮಾಣ ಹೆಚ್ಚಿಸಿದರು. ನಾಲ್ಕು ವಾರ ಕಳೆದು ಮತ್ತೆ ರಕ್ತ ನೋಡಿ, “ಟಿಎಸ್‌ಎಚ್ ಇಳಿದಿದೆ” ಎಂದರು.

“ಎಲ್ಲೀತನಕ ಇಳದೈತ್ರಿ?” ಎಂದು ಖಾಸಿಮಸಾಬರು ಕೇಳಿದರು. “ಎದೀಗೋ, ಸೊಂಟಕ್ಕೋ? ಮೊಣಕಾಲಿಗೆ ಇಳದಿಲ್ಲ ಹೌದಲ್ರಿ? ಅಷ್ಟ ಇಳದ್ರ ಗುಳಿಗಿ ಮಿತಿ ಮೀರಿದಂಗ.”

ಡಾಕ್ಟರಮ್ಮ ಶಬನಮಳ ಮುಖ ನೋಡಿದರು. “ಸೊಂಟಕ್ಕ ಅನ್ರಿ ಮೇಡಂ,” ಎಂದಳು ಶಬನಮ್. “ಅಲ್ಲೇ ಇರಬೇಕದು.”

ಓದುವ, ಕೇಳುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿಯಾದರೆ ಮೊದಲ ತಿಂಗಳುಗಳಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಥೈರಾಯ್ಡ್ ತಪಾಸಣೆಯ ಬಗ್ಗೆ ಬಾಯಿಬಿಟ್ಟು ಕೇಳಿ. ಬಸುರಿ ಅಲ್ಲದಿದ್ದರೂ, ಬೇಸಿಗೆಯಲ್ಲಿ ಚಳಿ, ತೀರದ ಸುಸ್ತು, ಕಾರಣವಿಲ್ಲದೆ ಏರುವ ತೂಕ, ಕುತ್ತಿಗೆಯಲ್ಲಿ ಊತ ಕಂಡರೆ ಅದನ್ನು ಸೋಮಾರಿತನ ಎಂದು ಆಡಿಕೊಳ್ಳಬೇಡಿ. ಒಂದು ರಕ್ತ ಪರೀಕ್ಷೆ ಸಾಕು. ಟಿಎಸ್‌ಎಚ್ ಏರಿದರೆ ಬಹುಮಟ್ಟಿಗೆ ಥೈರಾಯ್ಡ್ ತಗ್ಗಿದೆ ಎಂದೇ ಅರ್ಥ. ಗುಳಿಗೆಯನ್ನು ನೀವಾಗಿ ಬಿಡಬೇಡಿ, ನೀವಾಗಿ ಹೆಚ್ಚಿಸಲೂ ಬೇಡಿ. ಅದು ವೈದ್ಯರ ಕೆಲಸ. ಅಡುಗೆಗೆ ಅಯೋಡಿನ್ ಇರುವ ಉಪ್ಪು ಬಳಸಿ. ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಅದರ ಥೈರಾಯ್ಡ್ ನೋಡಿರೆಂದು ಕೇಳಲು ಸಂಕೋಚ ಪಡಬೇಡಿ. ಅರ್ಥವಾಗದ್ದನ್ನು ಎರಡು ಸಲ ಕೇಳಿ. ಎರಡು ಸಲ ಕೇಳಿದರೆ ಯಾವ ಡಾಕ್ಟರಿಗೂ ನಷ್ಟವಿಲ್ಲ. ಕೇಳದೆ ಬಂದರೆ ನಷ್ಟ ಯಾರಿಗೆಂದು ನಿಮಗೇ ಗೊತ್ತು.

ಶಬನಮಳಿಗೆ ದಿನ ತುಂಬಿ ಹೆರಿಗೆಯಾಯಿತು. ಹೆಣ್ಣು ಮಗು. ಹಿಮ್ಮಡಿಯ ರಕ್ತ ನೋಡಿದರು, ಎಲ್ಲವೂ ಸರಿಯಿತ್ತು. ಮಹೇಕ್ ಎಂದು ಹೆಸರಿಟ್ಟರು. ಹೆಸರಿಡುವ ದಿನ ಸವದತ್ತಿಯಲ್ಲಿ ಸಾಜಿದನ ಮನೆ ತುಂಬ ಜನ. ಊಟವಾದ ಮೇಲೆ ಹೆಂಗ ಆತು, ಏನಾತು ಎಂದು ನೆಂಟರು ಕೇಳಿದರು. ಶರ್ವರಿ ಸೆರಗು ಬಿಗಿದು ಎದ್ದಳು. ಎರಡೂ ಕೈ ತಲೆಯ ಮೇಲೆ, ತುದಿಗಾಲು, ಬೀಳುವ ಟೊಪ್ಪಿಗೆ, ಆ ದನಿ, ಆ ಗುಡುಗು, ಒಂದನ್ನೂ ಬಿಡಲಿಲ್ಲ. ಪರಸಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತು ತನ್ನ ಪಾತ್ರ ತಾನೇ ಮಾಡಿದ.

“ಲೇ ಪರಸ್ಯಾ,” ಎಂದು ಮೂಲೆಯಿಂದ ಖಾಸಿಮಸಾಬರು ಕೇಳಿದರು, “ಇಷ್ಟ ವರ್ಷದ ಮಾಸ್ತರನ್ನ ಏಮಾರಸಾಕ ಈ ಹುಡಿಗ್ಯಾರು ನಿನಗ ಏನ ಕೊಟ್ಟಿದ್ರೋ?”

“ಒಂದ ಪ್ಲೇಟ ಗಿರ್ಮಿಟ್, ಎರಡ ಮಿರ್ಚಿ.”

“ಅಷ್ಟಕ್ಕನಾ?”

“ಮಿರ್ಚಿ ದೊಡ್ಡವಿದ್ದೂ ಮಾಸ್ತರ.”

ಮನೆಯೆಲ್ಲ ನಕ್ಕಿತು. ಹುಸೇನಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಸಾಜಿದ್ ನಕ್ಕು ನಕ್ಕು ಗೋಡೆ ಹಿಡಿದ. ಆದರೆ ತೊಟ್ಟಿಲಲ್ಲಿದ್ದ ಮಹೇಕ್ ಬೆಚ್ಚಿಬಿದ್ದು, ಓಣಿಗೆಲ್ಲ ಕೇಳುವಂತೆ ಚೀರಿ ಅಳತೊಡಗಿದ್ದು ಅವರ್‍ಯಾರ ನಗೆಗೂ ಅಲ್ಲ. ಮೂಲೆಯಲ್ಲಿ ತೊಡೆ ಬಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಎಲ್ಲರ ದನಿಯನ್ನೂ ಮುಳುಗಿಸಿ ನಗುತ್ತಿದ್ದವರು ಅವಳ ಅಜ್ಜ.